ಈ ಭಾನುವಾರ ಯಾರ ಮನೆ ಸಾರು

ನಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರ ಎಡಗೈ ತುಂಬ ಹಸಿರು ಗಾಜಿನ ಬಳೆ, ಬಲಗೈ ಮಾತ್ರ ಬೋಳು. ಅಷ್ಟೂ ಹುಡುಗಿಯರಿಗಾಗಿ ಮುದ್ದೆ ತಿರುವುವಾಗ ಕೋಲಿಗೆ ತಗುಲಿ ಬಳೆ ಒಡೆದು, ಚೂರು ಹಿಟ್ಟಿಗೆ ಬಿದ್ದೀತೆಂಬ ಭಯ ಅವರಿಗೆ. ಯಾರಾದರೂ ಕೇಳಿದರೆ ಬಲಗೈ ಎತ್ತಿ, "ಇದು ಹಾಸ್ಟೆಲ್ ಕೈ ಕಣವ್ವ, ಅದು ನಮ್ಮನೆ ಕೈ" ಎನ್ನುತ್ತಿದ್ದರು. ಬೈಯುವಾಗ ಎರಡನ್ನೂ ಬೀಸುತ್ತಿದ್ದರು. ನಾವೆಲ್ಲ ಅವರನ್ನು ಅಡುಗೆಯಮ್ಮ ಎಂದು ಕರೆಯುತ್ತಿದ್ದೆವು.

ಬೇಲೂರಿನ ಆ ಹಾಸ್ಟೆಲಿಗೆ ನಾನು ಬಂದದ್ದು ಐದನೇ ಕ್ಲಾಸಿಗೆ. ನಮ್ಮೂರು ಗಂಡಸಿ. ಅವ್ವ ತೀರಿಕೊಂಡಾಗ ನನಗಿನ್ನೂ ಮಾತು ಬರುತ್ತಿರಲಿಲ್ಲ. ಅಪ್ಪ ತೆಂಗಿನಕಾಯಿ ಸುಲಿಯುವವನು. ಊರೂರು ತಿರುಗಿ, ಕೆಲಸ ಸಿಕ್ಕ ತೋಟದಲ್ಲೇ ಮಲಗುತ್ತಿದ್ದ. ನನ್ನನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲ. "ನಮ್ಮನೆಗೆ ಕಳ್ಸು, ಕುರಿ ಮೇಯಿಸ್ಕಂಡು ಬಿದ್ದಿರ್ತಾಳೆ" ಎಂದಿದ್ದಳು ಸೋದರತ್ತೆ. ಊರಿನ ಮೇಷ್ಟ್ರು ಅಪ್ಪನನ್ನು ಗದರಿ ಹಾಸ್ಟೆಲಿಗೆ ಸೇರಿಸಿದರು. ಕುರಿಗಳಿಂದ ತಪ್ಪಿಸಿಕೊಂಡು ಬಂದವಳು ನಾನು ಎಂದು ಈಗ ನಗುತ್ತೇನೆ. ಆಗ ನಗು ಎಲ್ಲಿಂದ ಬರಬೇಕು? ಅಪ್ಪ ನನ್ನನ್ನು ಬೇಡವೆಂದೇ ಬಿಟ್ಟುಹೋದ ಎಂದು ತಿಳಿದಿದ್ದೆ. ತಟ್ಟೆಯ ಮುಂದೆ ಕೂತು ಅಳುವುದು, ಉಣ್ಣದೆ ಏಳುವುದು. ಕೊನೆಗೆ ವಾರ್ಡನ್ ಮೇಡಂ ನನಗೆ ಕೇಳಿಸುವಂತೆಯೇ ಹೇಳಿದರು: "ಇದೊಂದು ವಾರ ನೋಡ್ತೀನಿ. ಆಗಲೂ ಉಣ್ಣಲಿಲ್ಲ ಅಂದ್ರೆ ಅವರಪ್ಪಂಗೆ ಫೋನ್ ಮಾಡಿ, ಕರ್ಕೊಂಡು ಹೋಗಿ ಅಂತೀನಿ. ಮಗೂಗೆ ಏನಾದ್ರೂ ಆದ್ರೆ ಯಾರು ಹೊಣೆ?" ವಾಪಸ್ ಹೋದರೆ ಸೋದರತ್ತೆಯ ಕುರಿಗಳೇ ಗತಿ, ಶಾಲೆ ಅಲ್ಲಿಗೆ ಮುಗಿದ ಹಾಗೆ.

ಅಡುಗೆಯಮ್ಮನದೊಂದು ಪದ್ಧತಿಯಿತ್ತು. ಪ್ರತಿ ಭಾನುವಾರ ಒಬ್ಬೊಬ್ಬ ಹುಡುಗಿಯ ಮನೆಯ ಸಾರು. ಅವಳ ತಾಯಿ ಹೇಗೆ ಮಾಡುತ್ತಾಳೆಂದು ಕೇಳಿಕೊಂಡು ಹಾಗೆಯೇ ಮಾಡುವರು. ಹಳೇಬೀಡಿನವಳ ಬಸ್ಸಾರು, ಅರೇಹಳ್ಳಿಯವಳ ಕಳಲೆ ಸಾರು. "ನಮ್ಮವ್ವ ಇಷ್ಟು ಹುಳಿ ಹಾಕಲ್ಲ" ಎಂದು ಯಾರಾದರೂ ಮೂತಿ ತಿರುವಿದರೆ, "ನಿಮ್ಮವ್ವಂಗೆ ಇಷ್ಟು ಜನ ಮಕ್ಕಳಿಲ್ಲ, ಉಣ್ಣೇ ಸುಮ್ನೆ" ಎನ್ನುವರು. ಅವತ್ತು ಆ ಹುಡುಗಿಯೇ ಸೌಟು ಹಿಡಿದು ಮನೆಯವಳಂತೆ ಎಲ್ಲರಿಗೂ ಬಡಿಸಬೇಕು, ಉಪಚಾರ ಮಾಡಬೇಕು.

ಆ ಭಾನುವಾರ ನನ್ನನ್ನೇ ಹಿಡಿದರು. "ಏನೇ ಗಂಡಸಿ, ನಿಮ್ಮನೇಲಿ ಸಾರು ಹೆಂಗೆ ಮಾಡ್ತಾರೆ?"

"ನಮ್ಮನೇಲಿ ಸಾರು ಮಾಡಲ್ಲ. ಅಪ್ಪಂಗೆ ಬರಲ್ಲ. ಪಕ್ಕದ ಮನೇರು ಕೊಡ್ತಾರೆ."

ಯಾರೋ ಕಿಸಕ್ಕೆಂದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅಡುಗೆಯಮ್ಮ ನಕ್ಕವಳನ್ನೊಮ್ಮೆ ದುರುಗುಟ್ಟಿ ನೋಡಿ, ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ನಡೆಸಿದರು.

"ಇಷ್ಟು ದಿನ ಮಾಡಿಲ್ಲ ಅಂದ್ರೆ ಇವತ್ತು ಮಾಡಾಣ. ನಿಮ್ಮನೆ ಸಾರು ಹೆಂಗಿರಬೇಕು, ನೀನು ಹೇಳು."

ನನಗೆ ಗೊತ್ತಿದ್ದದ್ದು ಒಂದೇ ವಾಸನೆ. ಅಪ್ಪ ಒಲೆಯ ಕೆಂಡದಲ್ಲಿ ಒಣಮೆಣಸಿನಕಾಯಿ, ಕೊಬ್ಬರಿ ಚೂರು ಸುಟ್ಟು, ಉಪ್ಪು ಹಾಕಿ ಜಜ್ಜಿ ಮುದ್ದೆಗೆ ಕೊಡುತ್ತಿದ್ದ. ಅದನ್ನೇ ಹೇಳಿದೆ. ಅವರು ಗ್ಯಾಸಿನ ಮೇಲೆ ಹುರುಳಿಕಾಳು ಬೇಯಲಿಟ್ಟು, ಹಿತ್ತಲಲ್ಲಿ ಕರಟಕ್ಕೆ ಬೆಂಕಿ ಹಚ್ಚಿ, ಕೆಂಡವಾದ ಮೇಲೆ ಕೊಬ್ಬರಿ ಚೂರಿಟ್ಟು ಮೆಣಸಿನಕಾಯಿ ಹರಡಿದರು.

"ಸಾಕಾ?"

"ಇನ್ನೂ ಹಾಕಿ."

"ಇನ್ನೂವಾ?"

"ಹಾಕಿ."

ಅಷ್ಟು ಜನರ ಸಾರಿನ ಅಳತೆ ನನಗೇನು ಗೊತ್ತು? ಯಜಮಾನಿಕೆ ಸಿಕ್ಕಿತ್ತು, ಬಿಡುವವಳಲ್ಲ ನಾನು. ನಾನು ಹೇಳಿದಷ್ಟೂ ಅವರು ಹಾಕಿದರು. ಘಾಟಿಗೆ ಹುಡುಗಿಯರೆಲ್ಲ ಕೆಮ್ಮುತ್ತಾ ಅಂಗಳಕ್ಕೆ ಓಡಿದರು. ವಾರ್ಡನ್ ಮೇಡಂ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಂದು, "ಏನ್ರೀ ಇದು?" ಎಂದರು.

"ಗಂಡಸಿಯೋರ ಮನೆ ಸಾರು ಮೇಡಂ. ಅವರ ಮನೇಲಿ ಹಿಂಗೇಯ."

ಸುಟ್ಟದ್ದನ್ನು ಅರೆದು ಹುರುಳಿಕಾಳಿಗೆ ಹಾಕಿ ಕುದಿಸಿದ ಆ ಸಾರನ್ನು ಕಣ್ಣು ಮೂಗಲ್ಲಿ ನೀರು ಸುರಿಸುತ್ತಾ ಎಲ್ಲರೂ ಉಂಡರು. ನಾನು ಸೌಟು ಹಿಡಿದು ಸಾಲಿನುದ್ದಕ್ಕೂ "ಇನ್ನೊಂಚೂರು ಹಾಕಿಸ್ಕೊಳ್ರೀ" ಎಂದು ಉಪಚಾರ ಮಾಡಿದೆ. ಬೇಡವೆಂದು ಕೈ ಅಡ್ಡ ಹಿಡಿದವರಿಗೂ ಬಡಿಸಿದೆ, ನಕ್ಕವಳಿಗೆ ಒಂದು ಸೌಟು ಜಾಸ್ತಿಯೇ. ಕೊನೆಗೆ ಅಡುಗೆಯಮ್ಮನ ಪಕ್ಕ ಕೂತು ಎರಡು ಮುದ್ದೆ ನುಂಗಿದೆ. ವಾರ್ಡನ್ ಮೇಡಂ ಅಪ್ಪನಿಗೆ ಫೋನ್ ಮಾಡಿದರು, ಮಗಳು ಉಂಡಳು ಎಂದು ಹೇಳುವುದಕ್ಕೆ. ಆ ಕಡೆ ಅಪ್ಪ ಅಳುತ್ತಿದ್ದನಂತೆ. ಅಪ್ಪನಿಗೆ ನಾನು ಬೇಡವಾಗಿರಲಿಲ್ಲ ಎಂದು ಅವತ್ತು ತಿಳಿಯಿತು. ಆಮೇಲೆ ನಾನು ಊಟ ಬಿಡಲಿಲ್ಲ, ಹಾಸ್ಟೆಲನ್ನೂ ಹತ್ತನೇ ಕ್ಲಾಸಿನವರೆಗೆ ಬಿಡಲಿಲ್ಲ.

ಈಗ ಅರಸೀಕೆರೆಯಲ್ಲಿ ನರ್ಸ್ ಆಗಿದ್ದೇನೆ. ಅಡುಗೆಯಮ್ಮ ಕೆಲಸ ಬಿಟ್ಟು ಅರೇಹಳ್ಳಿಯಲ್ಲಿ ಮಗನ ಮನೆ ಸೇರಿದ್ದರು. ಹೋಗಬೇಕು, ಹೋಗಬೇಕು ಎನ್ನುವಷ್ಟರಲ್ಲಿ ಅವರು ತೀರಿಹೋದ ಸುದ್ದಿ ಬಂತು, ಅದೂ ತಿಂಗಳು ಕಳೆದ ಮೇಲೆ. ರಜೆ ಹಾಕಿ ಬಸ್ಸು ಹತ್ತಿದೆ. ಹಾಸ್ಟೆಲಿನಲ್ಲಿ ಓದಿದವಳು ಎಂದಷ್ಟೇ ಹೇಳಿದೆ. ಸೊಸೆ ಊಟ ಮಾಡದೆ ಹೋಗಬೇಡಿ ಎಂದು ಮಣೆ ಹಾಕಿದಳು. ಪಾತ್ರೆಯ ಮುಚ್ಚಳ ತೆಗೆದಾಗ ಸುಟ್ಟ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು.

"ಖಾರ ಐತೆ, ನಿಧಾನಕ್ಕೆ ಉಣ್ಣಿ" ಎಂದಳು. "ನಮ್ಮತ್ತೆ ಕಲಿಸಿದ್ದು. ಗಂಡಸಿ ಮಗಳ ಮನೆ ಸಾರು ಅನ್ನೋರು. ಅವರಿಗೆ ಹೆಣ್ಣುಮಕ್ಕಳೇ ಇರ್ಲಿಲ್ಲ ಕಣ್ರೀ. ಯಾರನ್ನ ನೆನೆಸ್ಕಂಡು ಅಂತಿದ್ರೋ ಏನೋ."

"ನಾನೇ ಕಣವ್ವ ಆ ಮಗಳು" ಎಂದೆ.

ಆಕೆ ಸೌಟನ್ನು ನನ್ನ ಕೈಗೆ ಕೊಟ್ಟಳು. "ಹಂಗಾದ್ರೆ ನಿಮ್ಮನೆ ಸಾರು. ನೀವೇ ಬಡಿಸಿ."

ಅವಳಿಗೂ ಮಕ್ಕಳಿಗೂ ಬಡಿಸಿದೆ. "ಇನ್ನೊಂಚೂರು ಹಾಕಿಸ್ಕೊಳ್ರೀ" ಎನ್ನುವಾಗ ಅತ್ತುಬಿಟ್ಟೆ.