ಭದ್ರೆಯ ಮೆಟ್ಟಿಲಿಗೆ ನಾನು ಬಳಿದ ಸುಣ್ಣ

ಕೂಲಿಮಠದಲ್ಲಿ ಕಲಿತ ಅಷ್ಟಿಷ್ಟು ಅಕ್ಷರದಲ್ಲೇ ಇದನ್ನು ಬರೆಯುತ್ತಿದ್ದೇನೆ. ಅಣ್ಣ ಬದುಕಿದ್ದಾಗ ಬಾಯಲ್ಲಿ ಹೇಳಬೇಕಾಗಿದ್ದ ಮಾತು.

ಹೊಳೆಹೊನ್ನೂರಿನ ಹತ್ತಿರ ಭದ್ರೆಯ ದಡದಲ್ಲಿ ನಮ್ಮ ಮನೆ. ಅಪ್ಪ ತೀರಿದ ಮೇಲೆ ಹರಿಗೋಲು ನಡೆಸುವ ಕೆಲಸ ಅಣ್ಣನಿಗೆ ಬಂತು, ನೀರಿನ ಮಟ್ಟ ನೋಡುವುದು ನನಗೆ. ಮಳೆಗಾಲದಲ್ಲಿ ಪ್ರತಿ ಸಂಜೆ ಕಲ್ಲುಮೆಟ್ಟಿಲ ಮೇಲೆ, ನೀರು ಮುಟ್ಟಿದಲ್ಲಿಗೆ ಒಂದು ಸುಣ್ಣದ ಗೆರೆ ಎಳೆಯುತ್ತಿದ್ದೆ. ಬೆಳಿಗ್ಗೆ ಗೆರೆ ಮುಳುಗಿದ್ದರೆ ಹೊಳೆ ಏರುತ್ತಿದೆ ಎಂದರ್ಥ, ಅಂದು ಹರಿಗೋಲು ಬಿಚ್ಚುವಂತಿಲ್ಲ. ಮೇಲಿನ ಕಾಡಿನಲ್ಲಿ ಮಳೆ ಸುರಿದರೆ ನಮ್ಮಲ್ಲಿ ಬಿಸಿಲಿದ್ದರೂ ನೀರು ಬರುತ್ತದೆ. ಅದಕ್ಕೇ ಅಪ್ಪ, ಆಕಾಶ ನೋಡಬೇಡಿ, ಗೆರೆ ನೋಡಿ ಎನ್ನುತ್ತಿದ್ದ.

ಮದುವೆಯಾದ ಮೊದಲ ಗೌರಿಹಬ್ಬಕ್ಕೆ ತವರಿಗೆ ಬಂದೆ.

"ಶಿವಮೊಗ್ಗದ ಕೋಟೆ ಸೊಸೆ ಆಗ್ಬಿಟ್ಟೆ. ಇನ್ನು ಸುಣ್ಣ ಮುಟ್ತೀಯೋ ಇಲ್ವೋ ಮಾರಾಯ್ತಿ?" ಎಂದ ಅಣ್ಣ.

"ಮುಟ್ತೀನಿ ಬಿಡು. ನೀನು ಎಳೆದ್ರೆ ಹಾವು ಹರಿದಂಗಿರುತ್ತೆ."

ಅಂದು ಸಂಜೆ ನಾನೇ ಗೆರೆ ಎಳೆದೆ.

ಹಬ್ಬದ ಬೆಳಿಗ್ಗೆ ಹೆಂಗಸರು ಗಂಗೆ ತರಲು ಬರುವ ಮೊದಲು, ಮೆಟ್ಟಿಲು ತೊಳೆದು ಅಂಚಿಗೆಲ್ಲ ಸುಣ್ಣ ಕೆಮ್ಮಣ್ಣು ಬಳಿಯುವುದು ನಮ್ಮ ಮನೆಯ ಹೆಣ್ಣುಮಕ್ಕಳ ಪದ್ಧತಿ. ಹೋಗಿ ನೋಡಿದರೆ ನನ್ನ ಗೆರೆ ಕಾಣಲಿಲ್ಲ. ಅದಿದ್ದ ಮೆಟ್ಟಿಲೂ ಅದರ ಮೇಲಿನದೂ ನೀರಿನಲ್ಲಿದ್ದವು. ಆಚೆ ದಡದಲ್ಲಿ, ಹಬ್ಬದೂಟಕ್ಕೆ ಬಂದ ನನ್ನ ಗಂಡ ಹೊಸ ಪಂಚೆಯುಟ್ಟು ನಿಂತಿದ್ದರು. ನಾನು ಉಳಿದ ಮೆಟ್ಟಿಲುಗಳಿಗೆ ಸುಣ್ಣ ಬಳಿಯುತ್ತಾ ಹೋದೆ.

ಅಣ್ಣ ಹುಟ್ಟು ಹಿಡಿದು ಬಂದ. ಎಲ್ಲ ಅಂಚೂ ಬೆಳ್ಳಗಿತ್ತು.

"ಇದ್ರಲ್ಲಿ ನಿನ್ನೇದು ಯಾವುದೇ?"

ನೀರಿನ ಮೇಲಿನ ಮೊದಲ ಗೆರೆ ತೋರಿಸಿದೆ. "ಇದೇ ಕಣಣ್ಣ."

ಆಚೆಗೆ ಹೋಗಲು ಎಲೆ ಮಾರುವ ಅಜ್ಜಿಯೊಬ್ಬಳೇ ಇದ್ದಳು. ಬುಟ್ಟಿ ಇಟ್ಟು ಕೂರುತ್ತಾ, "ಬೇಗ ಹಾಕಪ್ಪ, ಅಳಿಯದೇವ್ರು ಕಾಯ್ತಿದಾರೆ. ತಡ ಆದ್ರೆ ನಿನ್ನ ತಂಗಿ ಈಜ್ಕೊಂಡೇ ಹೋಗ್ತಾಳೆ" ಎಂದಳು. ಅಣ್ಣ ಜೋರಾಗಿ ನಕ್ಕ. ನಾನೂ ನಕ್ಕೆ.

ನಡುಹೊಳೆಯಲ್ಲಿ ತೇಲಿಬಂದ ಮರವೊಂದು ಬಡಿದು ಹರಿಗೋಲು ಮಗುಚಿತು. ಅಣ್ಣ ಅಜ್ಜಿಯ ಸೆರಗು ಹಿಡಿದಿದ್ದನ್ನು ನಾನು ಕಣ್ಣಾರೆ ಕಂಡೆ. ದಡ ಸೇರಿದಾಗ ಅವನ ಕೈ ಬರಿದಾಗಿತ್ತು.

ಊರವರು ಹರಿಗೋಲನ್ನು ಬೇರೆಯವರಿಗೆ ಕೊಟ್ಟರು. ಅಣ್ಣ ಯಾರಿಗೂ ಎದುರಾಡಲಿಲ್ಲ. ನನ್ನನ್ನು ಹಿತ್ತಿಲಿಗೆ ಕರೆದು ಕೇಳಿದ್ದು ಒಂದೇ ಸಲ:

"ನೀನು ತೋರ್ಸಿದ್ದು ಸಂಜೆ ಗೆರೇನೇ ತಾನೇ?"

"ಹೂಂ."

"ಹಂಗಾದ್ರೆ ಹೊಳೆ ಏರಿರ್ಲಿಲ್ಲ. ನನ್ನ ಕೈಯೇ ಸರಿಯಿಲ್ಲ ಬಿಡು."

ಆಮೇಲೆ ಅವನು ಭದ್ರಾವತಿಗೆ ಹೋಗಿ ಕಬ್ಬಿಣದ ಕಾರ್ಖಾನೆಯಲ್ಲಿ ಸೌದೆ ಹೊರುವ ಕೂಲಿಗೆ ಸೇರಿದ. ನನ್ನ ಮಗ ಹುಟ್ಟಿದಾಗ ನೋಡಲು ಕೋಟೆಯ ಮನೆಗೆ ಬಂದ. ಮಗುವನ್ನು ಅವನ ಮುಂದೆ ಹಿಡಿದೆ. ಅಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡ ಕಣೇ, ನನ್ನ ಕೈಗೆ ಕೊಡ್ಬೇಡ. ನೀನೇ ಹಿಡ್ಕೋ, ಇಲ್ಲಿಂದ್ಲೇ ನೋಡ್ತೀನಿ."

ಮನೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಹೇಳಬಹುದಾಗಿತ್ತು. ನಾನು ಮಗುವಿನ ಮುಖ ಅವನ ಕಡೆಗೆ ತಿರುಗಿಸಿ ಹಿಡಿದೆ.