ನಮ್ಮ ಬೀದಿಯ ಹುಣಸೆಮರಗಳು

ಆ ದಿನ ಗಾಳಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಾತಾಡಿಸಲು ಬಂದವರೆಲ್ಲ ಗಾಳಿ ಜೋರಿತ್ತಾ ಎಂದೇ ಕೇಳುತ್ತಿದ್ದರು. ಮಳೆಯೂ ಇರಲಿಲ್ಲ. ಬೇಸಿಗೆಯ ಮಧ್ಯಾಹ್ನ, ಒಂದು ಎಲೆಯೂ ಅಲುಗದ ಹೊತ್ತು. ನನ್ನ ಹೆಂಡತಿ ಅಂಗಡಿಯಿಂದ ಎದ್ದು ರಸ್ತೆ ದಾಟಿ, ಹುಣಸೆಮರದ ಕೆಳಗೆ ನಿಂತಿದ್ದ ತರಕಾರಿ ಗಾಡಿಯ ಹತ್ತಿರ ಹೋದಳು. ಮೇಲಿಂದ ಒಣಗಿದ ಕೊಂಬೆಯೊಂದು ಮುರಿದು ಬಿತ್ತು. ಗಾಡಿಯವನು ಆಚೆ ಬದಿಯಲ್ಲಿ ತಕ್ಕಡಿ ಹಿಡಿದು ನಿಂತಿದ್ದ, ಅವನಿಗೇನೂ ಆಗಲಿಲ್ಲ. ಇವಳು ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಳು.

ನಾನು ಟೈಲರ್. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಕಡೆಯ ಬಸ್ಸುಗಳು ಬಂದು ಹೋಗುವ ಸಣ್ಣ ಪಟ್ಟಣ ನಮ್ಮದು. ಹೆಸರು ಬರೆಯುವುದಿಲ್ಲ. ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ, ಹೇಳಿಕೊಳ್ಳದೆ ಇರಲಾಗದೆ ಬರೆಯುತ್ತಿದ್ದೇನೆ. ನಮ್ಮ ಬೀದಿಯ ಎರಡೂ ಬದಿಗೆ ಹಳೆಯ ಹುಣಸೆಮರಗಳಿವೆ. ಯಾರು ನೆಟ್ಟರೋ ಯಾವ ಕಾಲದಲ್ಲಿ ನೆಟ್ಟರೋ ನಮ್ಮ ತಂದೆಗೂ ಗೊತ್ತಿರಲಿಲ್ಲ. ಅವುಗಳ ನೆರಳಲ್ಲೇ ಬಸ್ಸಿಗೆ ಕಾಯುವುದು, ಹೂವು ಮಾರುವುದು, ಆಟೋ ನಿಲ್ಲಿಸುವುದು ಎಲ್ಲ.

ಅಂಗಡಿಯಲ್ಲಿ ನಾನು ಬಟ್ಟೆ ಕತ್ತರಿಸಿ ಮಿಷನ್ನಿನಲ್ಲಿ ಹೊಲಿಯುತ್ತಿದ್ದೆ. ಕೈಹೊಲಿಗೆ ಅವಳದು. ಗುಂಡಿ, ಹುಕ್ಕು, ಸೀರೆಯ ಫಾಲ್ಸ್, ಪ್ಯಾಂಟಿನ ಅಂಚು. ಕಾರ್ಯಗಳೆಲ್ಲ ಮುಗಿದು ಮತ್ತೆ ಬಾಗಿಲು ತೆಗೆದಾಗ ಹೆಂಗಸರು ಬ್ಲೌಸಿಗೆ ಹುಕ್ಕು ಹಾಕಿದ್ದೀರಾ ಎಂದು ಕೇಳಲು ಹಿಂಜರಿಯುತ್ತಿದ್ದರು. ಹುಕ್ಕಿಲ್ಲದ್ದನ್ನೇ ಮಡಚಿ ತೆಗೆದುಕೊಂಡು ಹೋಗುತ್ತಿದ್ದರು. ಮನೆಯಲ್ಲಿ ತಾವೇ ಹಾಕಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಮಿಷನ್ನಿನಿಂದ ತಲೆ ಎತ್ತಿದರೆ ಎದುರಿಗೆ ಅದೇ ಮರ. ಕೊಂಬೆ ಮುರಿದ ಜಾಗ ಮೊದಮೊದಲು ಬಿಳಿಚಿಕೊಂಡಿತ್ತು, ಆಮೇಲೆ ಬರಬರುತ್ತಾ ಕಪ್ಪಾಯಿತು. ತಲೆ ಎತ್ತದೆ ಹೊಲಿಯುವುದನ್ನು ಅಭ್ಯಾಸ ಮಾಡಿಕೊಂಡೆ.

ಅದೇ ಮಳೆಗಾಲದಲ್ಲಿ ಪುರಸಭೆಯವರು ಮರಗಳ ಬೈಲಾ ತಿದ್ದಲು ಹೊರಟರು. ಅಲ್ಲಿಯವರೆಗೆ ಇದ್ದ ನಿಯಮ ಬಿಗಿಯಾಗಿತ್ತು. ರಸ್ತೆಬದಿಯ ಮರದ ಒಂದು ರೆಂಬೆ ಮುಟ್ಟಬೇಕಾದರೂ ಅರ್ಜಿ ಕೊಡಬೇಕು, ಯಾರೋ ಬಂದು ನೋಡಬೇಕು, ಮೇಲಿನ ಕಚೇರಿಯಿಂದ ಒಪ್ಪಿಗೆ ಬರಬೇಕು. ಒಂದು ಮರ ಕಡಿದರೆ ಎರಡು ಗಿಡ ನೆಡಬೇಕು. ಎಲ್ಲಿ ನೆಡಬೇಕು ಎಂದು ಮಾತ್ರ ಅದರಲ್ಲಿ ಇರಲಿಲ್ಲ. ಹಾಗಾಗಿ ಬದಲಿ ಗಿಡಗಳೆಲ್ಲ ಕೆರೆಯ ಹಿಂದೆ, ಕಸ ಸುರಿಯುವ ಜಾಗದ ಪಕ್ಕದಲ್ಲಿ ಮಣ್ಣು ಕಂಡವು. ಮೇಯಲು ಬಂದ ಆಡುಗಳು ಅವನ್ನು ಮುಗಿಸಿದವು.

ಹೊಸ ಕರಡು ಅದಕ್ಕೆ ಪೂರ್ತಿ ತಿರುಗುಮುರುಗು. ಜೀವಕ್ಕೆ ಅಪಾಯ ಎಂದು ವಾರ್ಡಿನ ಮೆಂಬರ್ ಬರೆದುಕೊಟ್ಟರೆ ಸಾಕು, ಯಾವ ಮರವನ್ನಾದರೂ ಕೂಡಲೇ ಕಡಿಯಬಹುದು. ಬದಲಿ ಗಿಡ ಊರಾಚೆ ನೆಟ್ಟರೂ ಆಯಿತು, ನೆಡದೆ ದುಡ್ಡು ಕಟ್ಟಿದರೂ ಆಯಿತು. ಬೈಲಾ ಪಾಸಾದ ಕೂಡಲೇ ಮೊದಲು ನಮ್ಮ ಬೀದಿ, ಒಂದೂ ಬಿಡದೆ ಎಲ್ಲ ಮರ, ಎಂದು ಮೆಂಬರ್ ಹೇಳಿಕೊಂಡು ಓಡಾಡುತ್ತಿದ್ದರು. ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಪ್ರಕಟಣೆಯನ್ನು ನಾನೂ ನಿಂತು ಓದಿದೆ. ‘ಮಹಿಳೆಯೊಬ್ಬರು ಮೃತಪಟ್ಟ ಹಿನ್ನೆಲೆಯಲ್ಲಿ’ ಎಂದು ಶುರುವಾಗುತ್ತಿತ್ತು. ಅಲ್ಲಿ ಅವಳ ಹೆಸರನ್ನೇ ಹಾಕಿಸುತ್ತೇನೆ, ನೀವು ಸಭೆಗೆ ಬಂದು ಒಂದು ಮಾತು ಹೇಳಿ ಎಂದು ಮೆಂಬರ್ ಫೋನು ಮಾಡಿದರು. ಆಗಲಿ ಎಂದೆ. ಆಗ ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ.

ಪಕ್ಕದ ಮೊಬೈಲ್ ಅಂಗಡಿಯವನು ದಿನಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಆ ದಿನ ಆಟೋ ತಂದು, ಅವಳನ್ನು ಎತ್ತಿ ಕೂರಿಸಿಕೊಂಡು ಓಡಿದವನು ಅವನೇ. ಹದಿಮೂರು ದಿನವೂ ಅವನ ಮನೆಯಿಂದ ಟೀ ಬಂದಿದೆ. ಅದನ್ನು ಮರೆಯುವ ಹಾಗಿಲ್ಲ. ಅವನ ಅಂಗಡಿಯ ಹೊಸ ಬೋರ್ಡು ಮರದ ಹಿಂದೆ ಮುಚ್ಚಿಹೋಗಿರುವುದೂ ಸುಳ್ಳಲ್ಲ.

“ಅಣ್ಣಾ, ನೀವೊಂದ್ಮಾತು ಹೇಳಿದ್ರೆ ಸಾಕು ಕಣಣ್ಣ. ನಿಮ್ಮ ಮಾತಿಗೆ ಯಾರೂ ಎದುರಾಡಲ್ಲ.”

“ಮರ ಹೋದ್ರೆ ಬಿಸಿಲು ನಿನ್ನಂಗ್ಡಿಗೂ ಬರತ್ತಲ್ಲಪ್ಪಾ.”

“ಎ.ಸಿ. ಹಾಕ್ಸ್ತೀನಿ ಬಿಡಣ್ಣ.”

“ನಾನು?”

ಅವನು ನಕ್ಕ. ಆಮೇಲೆ ನಗಬಾರದಿತ್ತು ಅನ್ನಿಸಿತೋ ಏನೋ, ಮೊಬೈಲ್ ಉಜ್ಜುತ್ತಾ ಕೂತ.

ಇನ್ನೊಬ್ಬರು ರಿಟೈರಾದ ಮೇಷ್ಟ್ರು. ನನಗೂ ಪಾಠ ಹೇಳಿದವರು. ಅವರು ಬಂದು ಹಕ್ಕಿ, ಆಮ್ಲಜನಕ, ಅಂತರ್ಜಲ ಎಲ್ಲ ಹೇಳಿದರು. “ನೀನು ಕ್ಷಮಿಸಿದೆ ಅಂದ್ರೆ ಊರೇ ಕ್ಷಮಿಸತ್ತೆ ಕಣಯ್ಯಾ” ಎಂದರು. ಯಾರನ್ನು ಕ್ಷಮಿಸಬೇಕೆಂದು ನನಗೆ ತಿಳಿಯಲಿಲ್ಲ. ಮರ ಏನು ಮಾಡಿದೆ? ಅವರಿಗೂ ಆಗಲಿ ಸಾರ್ ಎಂದೆ. ಮೆಂಬರ್‌ಗೂ ಮೇಷ್ಟ್ರಿಗೂ ಇಬ್ಬರಿಗೂ ಒಪ್ಪಿಕೊಂಡ ಹಾಗಾಯಿತು. ಅಷ್ಟು ಸುಸ್ತಾಗಿತ್ತು.

ಸಭೆಯ ದಿನ ಬೆಳಿಗ್ಗೆ ಶಿವನಿಯಿಂದ ನನ್ನ ಹೆಂಡತಿಯ ತಮ್ಮ ರೈಲಿನಲ್ಲಿ ಬಂದ. ತೆಂಗಿನ ತೋಟ ನೋಡಿಕೊಂಡಿರುವವನು. ಅಕ್ಕ ಎಂದರೆ ಪ್ರಾಣ ಅವನಿಗೆ. ಚಿತ್ರಾನ್ನ ಮಾಡಿ ಬಡಿಸಿದೆ. ಎರಡು ತುತ್ತು ತಿಂದು ತಟ್ಟೆ ಸರಿಸಿದ.

“ಎಲ್ಲಾ ಮರಾನೂ ಕಡಿಸ್ಬೇಕು ಭಾವ. ಬುಡ ಸಮೇತ. ಇವತ್ತು ನೀನು ಹೇಳ್ದಿದ್ರೆ ನಾನೇ ಎದ್ದು ಹೇಳ್ತೀನಿ.”

“ಊಟ ಮಾಡು ಮೊದ್ಲು.”

“ನಮ್ಮಪ್ಪ ಈ ಬೀದಿ ಹುಣಸೆ ಹರಾಜು ಹಿಡೀತಿದ್ದಾಗ ಆ ಮರ ನಾನೇ ಹತ್ತಿ ಬಡ್ದಿದೀನಿ. ಒಂದ್ ಕೊಂಬೆ ಮೋಸ ಮಾಡಿಲ್ಲ ನಂಗೆ. ನಮ್ಮಕ್ಕನ ಮೇಲೆ ಬೀಳ್ಬೇಕಾ ಅದು?”

“ಒಣಗಿದ್ದು ಇರ್ತಿರ್ಲಿಲ್ವಾ ಆಗ?”

“ಇರ್ತಿತ್ತು. ಒಣಗಿದ್ರ ಮೇಲೆ ಯಾವನು ಕಾಲಿಡ್ತಾನೆ ಭಾವ, ಸಾಯೋಕಾ? ಮೊದ್ಲು ಅದನ್ನೇ ಒದ್ದು ಕೆಡವ್ತಿದ್ವಿ. ಆಮೇಲೆ ಹಣ್ಣಿಗೆ ಕೈ. ಕೆಳಗೆ ಬಿದ್ದಿದ್ದನ್ನ ಹೆಂಗಸ್ರು ಸೌದೆಗೆ ಎಳ್ಕೊಂಡು ಹೋಗೋರು. ಈಗ ಹಣ್ಣಿಗೂ ರೇಟಿಲ್ಲ, ಸೌದೆನೂ ಯಾರಿಗೂ ಬೇಡ. ಹರಾಜು ಕೂಗಿದ್ರೂ ಒಂದು ನರಪಿಳ್ಳೆ ಬರಲ್ಲ.”

ಅವನು ಸಿಟ್ಟಿನಲ್ಲಿ ಆಡಿದ ಮಾತು. ಆಡಿ ಕೈ ತೊಳೆಯಲು ಎದ್ದ. ನಾನು ಅಲ್ಲೇ ಕೂತೆ. ಪ್ರತಿ ಬೇಸಿಗೆ ಹುಣಸೆ ಬಡಿಯುವವರು ಬರುತ್ತಿದ್ದದ್ದು, ಬೀದಿಯೆಲ್ಲ ಹಣ್ಣಿನ ಸಿಪ್ಪೆ ಚೂರಾಗಿ ಬೀಳುತ್ತಿದ್ದದ್ದು ನನಗೂ ನೆನಪಿತ್ತು. ಯಾವ ವರ್ಷದಿಂದ ಅವರು ಬರಲಿಲ್ಲ ಎಂಬುದು ನೆನಪಿಗೆ ಬರಲಿಲ್ಲ. ಯಾರಿಗೂ ಬಂದಿರಲಾರದು. ಹಣ್ಣು ಬೇಡವಾಯಿತು, ಹತ್ತುವುದು ನಿಂತಿತು, ಒಣಗಿದ್ದೆಲ್ಲ ಮೇಲೆಯೇ ಉಳಿಯಿತು. ಅದನ್ನು ಇಳಿಸೋಣ ಎಂದರೆ ರೆಂಬೆ ಮುಟ್ಟಬಾರದು ಎಂಬ ನಿಯಮ.

ಸಭೆ ಪುರಸಭೆಯ ಮಾಳಿಗೆಯ ಹಾಲಿನಲ್ಲಿ. ಟೀ, ಬಿಸ್ಕತ್ತು, ಗರಗರ ತಿರುಗುವ ಫ್ಯಾನು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮೆಂಬರ್ ಎದ್ದು ನಿಂತು ಕರಡನ್ನು ಓದಿದರು. ಅವಳ ಹೆಸರು, ಇನ್ಷಿಯಲ್ ಸಮೇತ, ಮೊದಲ ಸಾಲಿನಲ್ಲೇ ಬಂತು.

“ಆ ತಾಯಿ ಆತ್ಮಕ್ಕೆ ಶಾಂತಿ ಸಿಗ್ಬೇಕಂದ್ರೆ ಇದು ಇವತ್ತೇ ಪಾಸಾಗ್ಬೇಕು” ಎಂದರು.

ಹಿಂದಿನಿಂದ ಹೂವು ಮಾರುವ ಅಜ್ಜಿ ಕೂಗಿದಳು. “ಏನಪ್ಪಾ ಮೆಂಬರ್ರೇ, ಎಲ್ಲಾ ಕಡುದ್ಬಿಟ್ರೆ ನಿನ್ ಕಾರ್ ಎಲ್ ನಿಲ್ಲಿಸ್ತೀಯಾ? ಬೆಳಗಾಗೆದ್ರೆ ನೆರಳಿಗೆ ಮೊದ್ಲು ಬಂದು ನಿಲ್ಲೋದೇ ನಿಂದು. ನನ್ ಬುಟ್ಟಿನ ಬಿಸ್ಲಿಗೆ ತಳ್ತೀಯಾ!”

ಹಾಲಿನಲ್ಲಿ ನಗು ಎದ್ದಿತು. ಮೆಂಬರ್ ಕೂಡ ನಕ್ಕರು. “ಅಜ್ಜಿ, ನಿಂಗೊಂದು ಛತ್ರಿ ಕೊಡ್ಸ್ತೀನಿ ಕೂತ್ಕೋ” ಎಂದರು. “ಓಟಿಗ್ ಮುಂಚೆ ಕೊಡ್ತೀಯೋ, ಆಮೇಲೋ?” ಎಂದಳು ಅವಳು.

ನಗು ನಿಂತ ಮೇಲೆ ಮುಖ್ಯಾಧಿಕಾರಿ ನನ್ನ ಕಡೆ ನೋಡಿದರು. ಎದ್ದು ನಿಂತೆ. ಏನನ್ನೂ ಬರೆದುಕೊಂಡು ಹೋಗಿರಲಿಲ್ಲ.

“ನನ್ನ ಹೆಂಡ್ತಿ ಹೆಸ್ರು ಅದ್ರಲ್ಲಿ ಬೇಡ ಸಾರ್. ತೆಗೆದ್ಬಿಡಿ.”

“ಆಗ್ಲಿ. ಮರಗಳ ಬಗ್ಗೆ ನಿಮ್ಮ ಅಭಿಪ್ರಾಯ? ಕಡಿಯೋದಾ, ಬೇಡ್ವಾ?”

“ಅವಳ ಮೇಲೆ ಬಿದ್ದಿದ್ದು ಒಣಗಿದ ಕೊಂಬೆ. ಮೊದ್ಲು ಹುಣಸೆ ಬಡಿಯೋರು ವರ್ಷಕ್ಕೊಂದ್ಸಲ ಹತ್ತಿ ಒಣಗಿದ್ದನ್ನ ಕೆಡವೋರು. ಈಗ ಯಾರೂ ಹತ್ತಲ್ಲ. ಹತ್ತಿಸಿ ಸಾರ್. ಹಸಿ ಮರ ಯಾಕೆ ಕಡೀಬೇಕು?”

“ಹರಾಜು ಹಿಡಿಯೋರೇ ಇಲ್ವಲ್ಲ. ಹಣ್ಣಿಗೆ ಯಾರು ಬರ್ತಾರೆ?”

“ಹಣ್ಣಿಗಲ್ಲ ಸಾರ್. ಒಣಗಿದ್ದನ್ನ ಇಳಿಸೋಕೆ. ಅದಕ್ಕೆ ಕೂಲಿ ಕೊಟ್ಟು ಹತ್ತಿಸ್ಬೇಕು.”

ಇಷ್ಟೇ ನಾನು ಹೇಳಿದ್ದು. ಕೂರುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ನನ್ನ ಬಾಮೈದ ಎದ್ದು ನಿಂತಿದ್ದ.

“ನಮ್ಮಕ್ಕನಿಗಿಂತ ಮರ ಹೆಚ್ಚಾಯ್ತಾ ಭಾವ ನಿಂಗೆ?”

ಅವನು ಗಟ್ಟಿಯಾಗಿ ಕೇಳಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ನಾನು ತಿರುಗಿ ನೋಡಿದೆ. ಅವನು ಮೆಟ್ಟಿಲಿಳಿದು ಹೋದ. ಮಧ್ಯಾಹ್ನದ ರೈಲಿಗೇ ಊರಿಗೆ ಹೋದನೆಂದು ಆಮೇಲೆ ತಿಳಿಯಿತು.

ಮರದ ಮೇಲೆ ಪ್ರೀತಿ ಉಕ್ಕಿ ಬಂದು ನಾನು ಹಾಗೆ ಹೇಳಿದ್ದಲ್ಲ. ಈಗಲೂ ಆ ಸಾಲಿನ ಕೆಳಗೆ ನಡೆಯುವಾಗ ಹೆಜ್ಜೆ ಜೋರು ಮಾಡುತ್ತೇನೆ. ಆದರೆ ಎಲ್ಲ ಮರ ಹೋಗಿ, ಬೀದಿ ಬೋಳಾಗಿ, ಜನ ತಲೆಗೆ ಟವೆಲ್ ಹಾಕಿಕೊಂಡು ಓಡಾಡುವಾಗ ಏನೆನ್ನುತ್ತಾರೆ? ಆ ಟೈಲರ್ ಹೆಂಡತಿ ಸತ್ತಳಲ್ಲ, ಅದಕ್ಕೇ ಕಡಿದರು ಎನ್ನುತ್ತಾರೆ. ಮಕ್ಕಳಿಗೂ ಹಾಗೇ ಹೇಳುತ್ತಾರೆ. ಅವಳು ಬದುಕಿದ್ದಾಗ ಯಾರಿಗೂ ಹೊರೆಯಾದವಳಲ್ಲ. ಬಿಸಿಲು ಕಂಡಾಗಲೆಲ್ಲ ಊರವರು ಅವಳನ್ನು ನೆನೆಯುವುದು ನನಗೆ ಬೇಡವಾಗಿತ್ತು. ಇದನ್ನು ಬಾಮೈದನಿಗೆ ಆಮೇಲೆ ಫೋನಿನಲ್ಲಿ ಹೇಳಲು ನೋಡಿದೆ. ಹ್ಞೂಂ, ಹ್ಞೂಂ ಎಂದ. ವರ್ಷದ ಕಾರ್ಯಕ್ಕೆ ಬಂದ, ಎಲ್ಲರ ಜೊತೆ ಕೂತು ಉಂಡ, ನನ್ನ ಜೊತೆ ಹೆಚ್ಚು ಮಾತಾಡದೆ ಹೋದ. ಅವನದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಬೈಲಾ ಆ ದಿನ ಪಾಸಾಗಲಿಲ್ಲ. ಮುಂದೆ ಹಾಕುತ್ತಾ ಹಾಕುತ್ತಾ ಕೊನೆಗೆ ಬೇರೆ ರೂಪದಲ್ಲಿ ಪಾಸಾಯಿತು. ಒಣಗಿದ್ದನ್ನು ಇಳಿಸಲು ಯಾರ ಒಪ್ಪಿಗೆಯೂ ಬೇಡ, ಪ್ರತಿ ವರ್ಷ ಮಳೆಗೆ ಮೊದಲು ಪುರಸಭೆಯೇ ಇಳಿಸಬೇಕು. ಹಸಿ ಮರ ಕಡಿಯಬೇಕಾದರೆ ಹತ್ತಿ ಪರೀಕ್ಷೆ ಮಾಡಿಯೇ ತೀರ್ಮಾನಿಸಬೇಕು. ಬದಲಿ ಗಿಡ ಅದೇ ಬೀದಿಯಲ್ಲಿ ನೆಡಬೇಕು, ಮೂರು ಬೇಸಿಗೆ ದಾಟಿ ಬದುಕಿದರೆ ಮಾತ್ರ ಲೆಕ್ಕಕ್ಕೆ. ದುಡ್ಡು ಕಟ್ಟುವ ಮಾತು ಹೋಯಿತು. ಗಿಡದ ವಿಷಯ ಬರೆಸಿದ್ದು ಮೇಷ್ಟ್ರು. ಅವಳ ಹೆಸರು ಎಲ್ಲೂ ಇರಲಿಲ್ಲ.

ನಮ್ಮ ಅಂಗಡಿಯ ಎದುರಿನ ಆ ಒಂದು ಮರವನ್ನು ಕಡಿಯಬೇಕೆಂದು ಎಲ್ಲರೂ ಒಪ್ಪಿದರು. ಒಳಗೆ ಪೊಳ್ಳಾಗಿದೆ ಎಂದರು. ನಾನೂ ಬೇಡ ಎನ್ನಲಿಲ್ಲ. ಎರಡು ದಿನ ಮಿಷನ್ ಗರಗಸದ ಸದ್ದಿಗೆ ಅಂಗಡಿ ಮುಚ್ಚಿ ಮನೆಯಲ್ಲಿದ್ದೆ. ಮೂರನೆಯ ದಿನ ಬಾಗಿಲು ತೆಗೆದರೆ ಬಿಸಿಲು ನೇರ ಮಿಷನ್ನಿನ ಮೇಲೆ ಬಿದ್ದಿತ್ತು. ಹಳೆಯ ಬೆಡ್‌ಶೀಟೊಂದನ್ನು ಅಂಚು ಹೊಲಿದು ಬಾಗಿಲಿಗೆ ಇಳಿಬಿಟ್ಟೆ. ಮರ ಇದ್ದಲ್ಲೇ ಪಕ್ಕಕ್ಕೆ ಒಂದು ಹೊಂಗೆ ಸಸಿ ನೆಟ್ಟು ಸುತ್ತ ಕಬ್ಬಿಣದ ಜಾಲರಿ ಇಟ್ಟರು. ಅದಕ್ಕೆ ನೀರು ಹಾಕುವವನು ಮೊಬೈಲ್ ಅಂಗಡಿಯವನು. ಹಾಕುವಾಗ ಒಮ್ಮೆ ನನ್ನ ಕಡೆ ನೋಡುತ್ತಾನೆ. ನಾನು ಇನ್ನೂ ಒಂದು ಚೊಂಬೂ ಹಾಕಿಲ್ಲ. ಕೈ ಬರುವುದಿಲ್ಲ.

ಮೊನ್ನೆ, ಬಿಸಿಲು ಏರುವ ಹೊತ್ತಿಗೆ, ಹಿರೇನಲ್ಲೂರು ಕಡೆಯಿಂದ ಹತ್ತುವವರು ಬಂದರು. ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಸಣ್ಣ ಗರಗಸ ಸಿಕ್ಕಿಸಿಕೊಂಡು ಬಸ್ಸು ನಿಲ್ಲುವಲ್ಲಿನ ಮರ ಹತ್ತಿದರು. ಪುರಸಭೆಯವನು ಕೆಂಪು ಟೇಪು ಕಟ್ಟಿ ಟೀ ಕುಡಿಯಲು ಹೋದ. ಟೇಪಿನ ಕೆಳಗೆ ಬಗ್ಗಿ ಜನ ಎಂದಿನಂತೆ ಓಡಾಡುತ್ತಿದ್ದರು. ಮಿಷನ್ನಿನ ಮುಂದೆ ಕೂತಿರಲು ನನ್ನಿಂದ ಆಗಲಿಲ್ಲ. ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ರಸ್ತೆಗಿಳಿದು, ಆ ಕಡೆ ಈ ಕಡೆ ಕೈ ತೋರಿಸಿ ಜನರನ್ನು ದೂರ ಕಳಿಸತೊಡಗಿದೆ. ವಯಸ್ಸಾದ ಹೆಂಗಸೊಬ್ಬಳು ಬ್ಯಾಗು ಇಟ್ಟುಕೊಂಡು ಸರಿಯಾಗಿ ಬುಡದಲ್ಲೇ ನಿಂತಿದ್ದಳು.

“ಅಮ್ಮಾ, ಈ ಕಡೆ ಬನ್ನಿ. ಮೇಲೆ ಜನ ಹತ್ತವ್ರೆ.”

“ಅಜ್ಜಂಪುರದ ಬಸ್ಸು ನಿಲ್ಲೋದು ಇಲ್ಲೇ ಕಣಪ್ಪಾ.”

“ಬಂದ್ರೆ ನಾನು ನಿಲ್ಲಿಸ್ತೀನಿ. ಬನ್ನಿ ಈ ಕಡೆ.”

“ನಿಂದೇನು ಪುರಸಭೆ ಕೆಲ್ಸಾನಾ?”

“ಇಲ್ಲಮ್ಮ. ಟೈಲರ್.”

“ಟೈಲರ್‌ಗ್ಯಾಕಪ್ಪಾ ಊರ್ ಉಸಾಬ್ರಿ? ಇರೋ ನೆರಳು ಬಿಟ್ಟು ಬಿಸ್ಲಲ್ಲಿ ನಿಲ್ಲು ಅಂತೀಯಲ್ಲ, ಮುದುಕಿನ.”

“ಒಂದೈದು ನಿಮಿಷ ಕಣಮ್ಮ.”

ನಾನು ಬ್ಯಾಗು ಎತ್ತಿಕೊಂಡೆ. ಬೇರೆ ದಾರಿಯಿಲ್ಲದೆ ಅವಳು ಗೊಣಗುತ್ತಾ ನನ್ನ ಹಿಂದೆ ಬಂದು, ಸೆರಗು ತಲೆಗೆ ಹೊದ್ದು ಪಕ್ಕದಲ್ಲಿ ನಿಂತಳು. ಮೇಲಿಂದ ಒಬ್ಬ, “ಹೋಯ್, ಬಿಡ್ಲಾ?” ಎಂದು ಕೂಗಿದ. ರಸ್ತೆಯ ಎರಡೂ ಕಡೆ ನೋಡಿದೆ. ಮರದ ಕೆಳಗೆ ಯಾರೂ ಇರಲಿಲ್ಲ.

“ಬಿಡಪ್ಪಾ” ಎಂದೆ.