ಸೆಕೆಂಡ್ ಗೇರಿನ ಜಡೆಪ್ಪ

ಸಂಡೂರಿನ ಗುಡ್ಡದ ಮೇಲಿನ ಗಣಿಯಿಂದ ಕೆಳಗಿನ ಗೇಟಿನವರೆಗೆ ಏಳು ತಿರುವುಗಳಿದ್ದವು. ಡ್ರೈವರ್ ಜಡೆಪ್ಪನ ಪಾಲಿಗೆ ದಿನಕ್ಕೊಮ್ಮೆ ಸಿಗುತ್ತಿದ್ದ ಸ್ವರ್ಗದ ಉದ್ದವೂ ಅಷ್ಟೇ.

ಸಂಜೆ ನಾಲ್ಕೂವರೆಗೆ ಮ್ಯಾನೇಜರ್ ತಿರುಮಲರಾಯರು ಹಿಂದಿನ ಸೀಟಿಗೆ ಒರಗುತ್ತಿದ್ದರು. ಮೊದಲ ತಿರುವು ಕಾಣುತ್ತಲೇ ಜಡೆಪ್ಪ ಕ್ಲಚ್ ಒತ್ತಿ, ಎಂಜಿನ್ನಿಗೆ ಒಂದೇ ಒಂದು ಗುಟುಕು ಪೆಟ್ರೋಲು ಕುಡಿಸಿ, ಸೆಕೆಂಡ್ ಗೇರು ಹಾಕಿ, ಎರಡೂ ಕಾಲು ತೆಗೆದುಬಿಡುತ್ತಿದ್ದ. ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗಿದಂತೆ ಆ ಹಳೆಯ ಬಿಳಿ ಕಾರು ತಡೆಯುತ್ತಿತ್ತು. ಆಮೇಲೆ ಮೂಗಿನಲ್ಲೇ 'ಊಂ…' ಎಂದು ಎಳೆಯುತ್ತ ಇಳಿಯುತ್ತಿತ್ತು. ವೇಗ ತಗ್ಗಿದಂತೆ ರಾಗವೂ ತಗ್ಗಿ, ಸೈಲೆನ್ಸರಿನಿಂದ 'ಪಟ್… ಪಟ್… ಪಟಪಟ' ಎಂದು ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ ಸದ್ದು. ಬ್ರೇಕಿಗೆ ಕೆಲಸವೇ ಇರುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಜಡೆಪ್ಪ ಗುಡ್ಡದಲ್ಲಿ ಇರುತ್ತಿರಲಿಲ್ಲ. ತನ್ನೂರು ಕಂಪ್ಲಿಯ ಹೊಳೆಯಲ್ಲಿರುತ್ತಿದ್ದ. ಡ್ಯಾಮಿನಿಂದ ನೀರು ಬಿಟ್ಟ ಮರುದಿನ ಬಂಡೆಗಳ ನಡುವೆ ಹೊಳೆ ಹೀಗೇ ಮೂಗಿನಲ್ಲಿ ಹಾಡುತ್ತಿತ್ತು. ಹರಿಗೋಲಿನಲ್ಲಿ ಅಂಗಾತ ಮಲಗಿದರೆ ಆಕಾಶವೇ ಮೆಲ್ಲಗೆ ತಿರುಗುತ್ತಿತ್ತು. ಸ್ಟೇರಿಂಗ್ ಹಿಡಿದ ಕೈ ತನ್ನ ಪಾಡಿಗೆ ತಾನು ತಿರುವು ತೆಗೆಯುತ್ತಿದ್ದರೆ, ಜಡೆಪ್ಪ ತೇಲುತ್ತ ತೇಲುತ್ತ ಏಳನೇ ತಿರುವಿಗೆ ಬಂದು ದಡ ಮುಟ್ಟುತ್ತಿದ್ದ.

ಈ ವಿದ್ಯೆ ಅವನಿಗೆ ಬಂದದ್ದು ಕಂಪ್ಲಿಯಲ್ಲೇ. ಹದಿನೆಂಟರ ವಯಸ್ಸಿನಲ್ಲಿ ಅವನು ಕಬ್ಬಿನ ಟ್ರ್ಯಾಕ್ಟರ್ ಹತ್ತಿದ್ದ. ಮೊದಲ ದಿನವೇ ಕಾಲುವೆಯ ಏರಿಯಿಂದ ಇಳಿಯುವಾಗ ಹಿಂದಿನ ಟ್ರೇಲರು ಅವನನ್ನು ನೂಕಿಕೊಂಡು ಹೋಗಿ, ಬಾಳೆತೋಟದಲ್ಲಿ ಬಿಟ್ಟಿತು. ಹಳೆಯ ಡ್ರೈವರ್ ಭರಮಣ್ಣ ಬಾಳೆಯ ಗೊನೆಗಳ ನಡುವೆ ಅವನನ್ನು ಹುಡುಕಿ ತೆಗೆದು, "ಲೇ, ಇಳಿಯಾಗ ಬ್ರೇಕ್ ಯಾಕ ತುಳಿತಿಯಲೇ? ಓಡಿಸಿದ್ದು ಎಂಜಿನ್ನು ಅಲ್ಲೇನು? ನಿಂದ್ರಿಸೋ ಕೆಲಸನೂ ಅದಕ್ಕಾ ಬಿಡು," ಎಂದಿದ್ದ. ಭರಮಣ್ಣ ತೀರಿಕೊಂಡ ಮೇಲೆ, ನಾಲ್ಕು ತಾಲೂಕಿನಲ್ಲಿ ಇಳಿಜಾರು ಇಳಿಯಬಲ್ಲವನು ತಾನೊಬ್ಬನೇ ಉಳಿದೆ ಎಂಬ ನಂಬಿಕೆ ಜಡೆಪ್ಪನಿಗಿತ್ತು. ಆ ನಂಬಿಕೆಯನ್ನು ಅವನು ಯಾರಿಂದಲೂ ಮುಚ್ಚಿಟ್ಟವನಲ್ಲ. "ಮನ್ಯಾಗ ಮಾತ್ರ ಟಾಪ್ ಗೇರಿನ್ಯಾಗ ಇರ್ತಾನ ನೋಡ್ರಿ," ಎಂದು ಹೆಂಡತಿ ಕರೆಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು.

ಎರಡು ಸಾವಿರದ ಆರರ ಸುಮಾರು. ಅದಿರಿಗೆ ಬೆಲೆ ಬಂದು ಹೊಸಪೇಟೆಯಲ್ಲಿ ನಿನ್ನೆ ಸೈಕಲ್ ತುಳಿದವರು ಇಂದು ಕಾರಿನ ಬಣ್ಣದ ವಿಷಯ ಮಾತಾಡುತ್ತಿದ್ದ ಕಾಲ. ಗುಡ್ಡದ ಆ ಮಗ್ಗುಲಿಗೆ ಲಾರಿಗಳ ರಸ್ತೆ; ಈ ಮಗ್ಗುಲಿನದು ಅಧಿಕಾರಿಗಳಿಗೆ. ಉಳಿದ ಜೀಪುಗಳು ನ್ಯೂಟ್ರಲ್‌ನಲ್ಲಿ ಸುಮ್ಮನೆ ಜಾರಿ ಬಂದು, ಗೇಟಿನ ಮುಂದೆ ಹಾರ್ನ್ ಹೊಡೆದು ಕಾಯುತ್ತಿದ್ದವು. ತಿರುಮಲರಾಯರ ಕಾರು ಮಾತ್ರ ಯಾವತ್ತೂ ಕಾದದ್ದಿಲ್ಲ. ಅದು ಏಳನೇ ತಿರುವು ದಾಟುವ ಹೊತ್ತಿಗೆ ಗೇಟಿನ ಗಳ ಮೇಲೆದ್ದಿರುತ್ತಿತ್ತು. ಕಾವಲುಗಾರ ಕಾಳಪ್ಪ ಟೊಪ್ಪಿಗೆ ಹಾಕಿಕೊಂಡು ಸೆಲ್ಯೂಟಿನಲ್ಲಿರುತ್ತಿದ್ದ. ಪಕ್ಕದ ಗುಡಿಸಲಿನ ಹೊಳೆಮ್ಮ ಕುದಿಯುವ ಚಹಾ ಹಿಡಿದು ಬರುತ್ತಿದ್ದಳು. ರಾಯರು ಮನೆಯಲ್ಲಿ ಹೆಂಡತಿ ಗೋದಾಬಾಯಿಯವರಿಗೆ ಹೇಳುತ್ತಿದ್ದರು: "ನಾ ಏನೂ ಹೇಳಿಲ್ಲ ಮತ್ತ. ಕೆಲವರ ಮುಖಕ್ಕ ಅಂಥಾದ್ದೊಂದು ಕಳೆ ಇರ್ತದ. ಜನ ತಾವಾ ಎದ್ದು ನಿಲ್ತಾರ."

ಗೋದಾಬಾಯಿಯವರು ಆ ಮುಖವನ್ನು ಒಮ್ಮೆ ನೋಡಿ, ಸಾರಿಗೆ ಒಗ್ಗರಣೆ ಹಾಕಲು ಏಳುತ್ತಿದ್ದರು.

ಒಂದು ದಿನ ಹೊಸ ಕಾರು ಕೊಂಡಿದ್ದ ಕಂಟ್ರಾಕ್ಟರ್ ವಿರುಪಾಕ್ಷಪ್ಪ ರಾಯರ ಕಾರಿನಲ್ಲಿ ಗುಡ್ಡ ಇಳಿದ. ಮೂರನೇ ತಿರುವಿನಲ್ಲಿ ಸೈಲೆನ್ಸರ್ ಪಟಪಟನೆ ಸಿಡಿಯಿತು. "ಸಾಹೇಬ್ರ, ನಿಮ್ಮ ಕಾರಿಗೆ ಭಾಳ ಗ್ಯಾಸ್ ಆಗೇತಲ್ರಿ. ಒಂದೀಟು ಅಜವಾನದ ನೀರು ಕುಡಿಸ್ರಿ," ಎಂದು ನಕ್ಕುಬಿಟ್ಟ.

ಆ ನಗು ರಾಯರ ಎದೆಗೆ ನಾಟಿತು. ಮರುದಿನ ಗಣಿಯ ಆಫೀಸಿನಲ್ಲಿ ಜಡೆಪ್ಪನನ್ನು ಕರೆಸಿದರು.

"ಇವತ್ತಿನಿಂದ ನ್ಯೂಟ್ರಲ್‌ನ್ಯಾಗ ಇಳಿಸು. ಸದ್ದು ಬರಬಾರದು."

"ಬ್ರೇಕ್ ಬಿಸಿ ಆಗಿ ಸೋಲ್ತಾವ್ರಿ ಸಾಹೇಬ್ರ. ಗೇರಿನ್ಯಾಗ ಇದ್ರ ಎಂಜಿನ್ನು ಹಿಡ್ಕೊಂತತಿ…"

"ನೀ ಎಂಜಿನಿಯರ್ರಾ? ನಾ ಒಬ್ಬ ಮ್ಯಾನೇಜರ್. ನನ್ನ ಕಾರು ದಾರಿ ತುಂಬಾ ಪಟಾಕಿ ಹೊಡ್ಕೋತ ಬರ್ತದಂದ್ರ ಏನು ಮರ್ಯಾದಿ ಉಳೀತು? ಇನ್ನೊಂದ್ಸಲ ಆ ಸದ್ದು ಕೇಳಿತೋ, ಕೀ ಕೊಟ್ಟು ಹೋಗು. ವೇಬ್ರಿಡ್ಜ್‌ನ್ಯಾಗ ಚೀಟಿ ಹರಿಯೋ ಕೆಲಸ ಖಾಲಿ ಅದ."

ವೇಬ್ರಿಡ್ಜ್ ಎಂದರೆ ಲಾರಿ ತೂಗುವ ತಗಡಿನ ಗೂಡು. ಅದು ಇಳಿಯುವುದೂ ಇಲ್ಲ, ಏರುವುದೂ ಇಲ್ಲ.

ಆ ಸಂಜೆ ಅವನು ಗೇರನ್ನು ನ್ಯೂಟ್ರಲ್‌ಗೆ ತಂದು ಕೈ ತೆಗೆದ. ಎಂಜಿನ್ನು ನಿದ್ದೆಗಣ್ಣಿನಲ್ಲಿ ಗೊಣಗುತ್ತ ಉಳಿಯಿತು. ಕಾರು ಸದ್ದಿಲ್ಲದೆ ಜಾರಿತು. ಎಂಥ ಮೌನವೆಂದರೆ, ಟೈರಿನ ಕೆಳಗೆ ಕೆಂಪು ಧೂಳು ಉಸಿರಾಡುವುದು ಕೇಳುತ್ತಿತ್ತು. ರಾಯರಿಗೆ ಪರಮಾನಂದ. "ನೋಡು, ಹೆಂಗ ತೇಲ್ತದ!" ಎಂದರು. ಆದರೆ ಜಡೆಪ್ಪನಿಗೆ ಹೊಳೆ ಸಿಗಲಿಲ್ಲ. ಬತ್ತಿದ ಪಾತ್ರದಲ್ಲಿ ಹರಿಗೋಲು ಎಳೆದ ಹಾಗೆ ಅವನ ಬಲಗಾಲು ತಿರುವು ತಿರುವಿಗೂ ಬ್ರೇಕನ್ನು ತುಳಿಯುತ್ತಲೇ ಇತ್ತು. ನಾಲ್ಕನೇ ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಆರನೆಯದರಲ್ಲಿ ಪೆಡಲು ನೆನೆದ ಹತ್ತಿಯಂತೆ ಮೆತ್ತಗಾಯಿತು. ಏಳನೆಯದನ್ನು ದಾಟಿದಾಗ ಎದುರಿಗೆ ಗೇಟಿನ ಗಳ ಅಡ್ಡ ಮಲಗಿತ್ತು. ಕಾಳಪ್ಪನ ಸುಳಿವಿಲ್ಲ.

"ಗೇಟ್! ಗೇಟ್ ಹಾಕೇದ!" ರಾಯರು ಮುಂದಿನ ಸೀಟನ್ನು ತಬ್ಬಿಕೊಂಡರು.

ಕೆಲಸ ಹೋಯಿತು ಎಂದು ಜಡೆಪ್ಪನಿಗೆ ಸ್ಪಷ್ಟವಾಗಿಯೇ ಅನ್ನಿಸಿತು. ಅನ್ನಿಸುತ್ತಿರುವಾಗಲೇ ಕೈ ಗೇರಿಗೆ ಹೋಗಿತ್ತು. ಮೊದಲು ಮೂರು, ಕಾರು ತೊದಲಿತು. ಆಮೇಲೆ ಎರಡು. ಎಂಜಿನ್ನು ಎದೆ ಬಿರಿಯುವಂತೆ ಕೂಗಿತು. ಹ್ಯಾಂಡ್‌ಬ್ರೇಕ್ ಎಳೆದ. ವಿರುಪಾಕ್ಷಪ್ಪ ಕೇಳಿದ್ದರೆ ವೈದ್ಯರನ್ನೇ ಕರೆಸುತ್ತಿದ್ದನೇನೋ, ಅಷ್ಟು ಜೋರಾಗಿ ಸೈಲೆನ್ಸರ್ ಪಟಪಟನೆ ಸಿಡಿದು, ಕಾರು ಗಳಕ್ಕೆ ಒಂದು ಗೇಣು ಇರುವಾಗ ನಿಂತಿತು.

ಆ ಸದ್ದಿಗೆ ಕಾಳಪ್ಪ ಕಾವಲಿನ ಗೂಡಿನಿಂದ ಬರಿಗಾಲಲ್ಲಿ ಓಡಿಬಂದ. ಟೊಪ್ಪಿಗೆ ಹಿಂದುಮುಂದಾಗಿತ್ತು.

"ಯಾಕ ಗೇಟ್ ತೆಗೀಲಿಲ್ಲ?" ರಾಯರು ಮುಂದಿನ ಸೀಟನ್ನು ಇನ್ನೂ ಬಿಟ್ಟಿರಲಿಲ್ಲ.

"ತಪ್ಪಾತ್ರಿ ಸಾಹೇಬ್ರ. ಸದ್ದಾ ಬರ್ಲಿಲ್ಲಲ್ರಿ ಇವತ್ತು."

"ಯಾವ ಸದ್ದು?"

"ನಿಮ್ಮ ಕಾರಿಂದ್ರಿ. ಮೂರನೇ ತಿರುವಿನ್ಯಾಗ ಪಟಪಟ ಅಂತತಲ್ರಿ, ಅವಾಗ ಎದ್ದು ಟೊಪ್ಪಿಗಿ ಹುಡುಕ್ತೀನಿ. ಆರನೇದ್ರಾಗ ಗಳ ಎತ್ತತೀನಿ. ಮುಖ ಎಲ್ಲಿ ಕಾಣ್ತತ್ರಿ, ಗಾಜಿನ ತುಂಬ ಧೂಳು."

ಹೊಳೆಮ್ಮ ಗುಡಿಸಲಿನಿಂದ ಕತ್ತು ಹೊರಹಾಕಿ, "ಅಯ್ಯ ಜಡೆಪ್ಪಣ್ಣ, ಹೇಳಬಾರದಾ? ನಿನ್ನ ಸದ್ದು ಕೇಳಿದ ಮ್ಯಾಲೇ ನಾ ಚಾ ಇಡಾದು. ಕುಂದರ್ರಿ ಸಾಹೇಬ್ರ, ಒಲಿ ಹಚ್ಚಬೇಕು ಇನ್ನಾ," ಎಂದಳು.

ರಾಯರು ಕಲ್ಲಿನ ಕಟ್ಟೆಯ ಮೇಲೆ ಕುಳಿತರು. ಆ ಮಗ್ಗುಲಿನಿಂದ ಬಂದು ಕುಳಿತಿದ್ದ ಇಬ್ಬರು ಲಾರಿ ಡ್ರೈವರುಗಳು ಏಳಲಿಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟರು, ಅಷ್ಟೆ. ಇಷ್ಟು ವರ್ಷ ತಮ್ಮ ಮುಖದ ಕಳೆಯೆಂದು ತಿಳಿದದ್ದು ಕಾರಿನ ಹಿಂಬದಿಯಿಂದ ಬರುತ್ತಿತ್ತು ಎಂಬುದು ಮನಸ್ಸಿನಲ್ಲಿ ಇಳಿಯಲು ಒಂದು ಇಡೀ ಗ್ಲಾಸು ಚಹಾ ಬೇಕಾಯಿತು. ಜಡೆಪ್ಪ ಮುಂದೆ ಬಂದು ಎರಡೂ ಕೈಯಲ್ಲಿ ಕೀ ಚಾಚಿದ.

"ಏನಿದು?"

"ಸದ್ದು ಮಾಡಿದ್ನಲ್ರಿ."

ರಾಯರು ಕೀಲಿಯನ್ನು ನೋಡಿದರು, ಗೇಟಿನ ಗಳವನ್ನು ನೋಡಿದರು, ನಡುವಿನ ಆ ಒಂದು ಗೇಣನ್ನೂ ನೋಡಿದರು. "ಮೊದಲು ಬ್ರೇಕ್ ಆರಲಿ," ಎಂದರು. "ನೀನೂ ಒಂದು ಚಾ ಕುಡಿ."

ಮರುದಿನ ಸಂಜೆ ಮೊದಲ ತಿರುವಿನ ಮುಂದೆ ಜಡೆಪ್ಪ ಗೇರಿನ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತಿದ್ದ.

"ಹಾಕು, ಹಾಕು," ಎಂದರು ರಾಯರು ಬೇರೆ ಕಡೆ ನೋಡುತ್ತ.

"ಯಾವುದ್ರೀ?"

"ಅದಾ… ನಿಂದು."

ಕಾರು ತಡೆಯಿತು, ಮೂಗಿನಲ್ಲಿ ಎಳೆಯಿತು. ಜಡೆಪ್ಪನ ಕಣ್ಣು ರೆಪ್ಪೆ ಬಡಿಯುವುದನ್ನು ಮರೆಯಿತು. ಮೂರನೇ ತಿರುವಿನಲ್ಲಿ ಸದ್ದು ಸಿಡಿದು ಗುಡ್ಡದಿಂದ ಗುಡ್ಡಕ್ಕೆ ಹೋಗುವಾಗ ರಾಯರು ಮುಂದಕ್ಕೆ ಬಾಗಿ ಪಿಸುದನಿಯಲ್ಲಿ ಕೇಳಿದರು: "ಜಡೆಪ್ಪ, ಇನ್ನೊಂಚೂರು ಜೋರಾಗಿ ಬರಂಗಿಲ್ಲೇನು? ಬರೋ ತಿಂಗಳು ನಂಗ ಪ್ರಮೋಷನ್ ಅದ."

"ಇಲ್ರಿ ಸಾಹೇಬ್ರ. ಇಳಿಜಾರು ಎಷ್ಟು ಕೇಳ್ತತಿ ಅಷ್ಟಾ ಬರ್ತತ್ರಿ ಅದು. ಪೋಸ್ಟು ನೋಡಂಗಿಲ್ಲ."

ತಿರುಮಲರಾಯರು ಕಿಟಕಿಯ ಧೂಳು ತುಂಬಿದ ಗಾಜನ್ನು ಪೂರ್ತಿ ಕೆಳಗಿಳಿಸಿಕೊಂಡರು. ಬಿಳಿ ಅಂಗಿಯ ಮೇಲೆ ಕೆಂಪು ಧೂಳು ಸಣ್ಣಗೆ ಇಳಿಯತೊಡಗಿತು, ಅವರು ಒರೆಸಿಕೊಳ್ಳಲಿಲ್ಲ.